ಲೋಡರ್ ತಾಗಿದ್ದನ್ನು ಇವತ್ತೇ ಹೇಳಿ, ಉಳಿದದ್ದಕ್ಕೆ ಯೋಚಿಸಲು ಸಮಯವಿದೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಗೌರಿಬಿದನೂರು ಕಡೆಯವರು, ಏರ್‌ಪೋರ್ಟ್ ಒಂದರಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಬ್ಯಾಗೇಜ್ ಟ್ರಾಕ್ಟರ್ ಓಡಿಸುತ್ತೀರಿ. ಆ ಟ್ರಾಕ್ಟರಿನ ಬ್ರೇಕ್ ಸರಿಯಿಲ್ಲ. ಶಿಫ್ಟ್ ಇನ್‌ಚಾರ್ಜ್ "ಏಮೀ ಕಾದು ಲೇರಾ (ಏನೂ ಆಗಲ್ಲ ಬಿಡೋ), ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕು" ಅನ್ನುತ್ತಾರೆ. ಜನ ಸಾಲದಿದ್ದರೆ ರಾತ್ರಿ ಶಿಫ್ಟ್ ಮುಗಿಸಿದವರನ್ನೇ ಬೆಳಿಗ್ಗೆಯೂ ನಿಲ್ಲಿಸಿಕೊಳ್ಳುತ್ತಾರೆ. ಹೋದ ವಾರ ಬ್ಯಾಗು ಮೇಲೇರಿಸುವ ಬೆಲ್ಟ್ ಲೋಡರ್ ವಿಮಾನಕ್ಕೆ "ಸ್ವಲ್ಪ" ತಾಗಿತು, ಯಾರೂ ಬಾಯಿ ಬಿಡಲಿಲ್ಲ. ಕೆಲಸ ಕೊಡಿಸಿದವರು ಸೋದರಮಾವ. ಹೇಳಿದರೆ ಕೆಲಸ ಹೋಗುತ್ತಾ ಅಂತ ಕೇಳಿದ್ದೀರಿ. ಕಂಪನಿ ಹೆಸರು ಹಾಕಿಲ್ಲ, ಒಳ್ಳೆಯದಾಯಿತು. ಮುಂದೆಯೂ ಹಾಕಬೇಡಿ.

ನಾನು ಚಿಕ್ಕಬಳ್ಳಾಪುರದವನು. ವಿಮಾನ ನಿಲ್ಲುವ ಜಾಗದಲ್ಲಿ, ಅಂದರೆ ರ‍್ಯಾಂಪ್‌ನಲ್ಲಿ ಬ್ಯಾಗು ಎತ್ತಿ, ಆಮೇಲೆ ಸೇಫ್ಟಿ ವಿಭಾಗಕ್ಕೆ ಬಂದವನು. ನಿಮ್ಮಂಥವರು ಬರೆದುಕೊಡುವ ಕಾಗದ ಓದುವುದೇ ಈಗ ನನ್ನ ಕೆಲಸ.

ಲೋಡರ್ ವಿಷಯದಲ್ಲಿ ರಿಪೋರ್ಟ್ ಕೊಡಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. 2005ರ ಡಿಸೆಂಬರ್ 26ರಂದು ಅಮೆರಿಕದ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದು ಸುಮಾರು 26,000 ಅಡಿ ಎತ್ತರದಲ್ಲಿದ್ದಾಗ ಒಳಗಿನ ಗಾಳಿಯ ಒತ್ತಡ ಒಮ್ಮೆಲೇ ಇಳಿದುಹೋಯಿತು. ಪೈಲಟ್‌ಗಳು ತಕ್ಷಣ ಕೆಳಗಿಳಿಸಿ ವಾಪಸ್ ತಂದರು, ಎಲ್ಲರೂ ಉಳಿದರು. ನೋಡಿದರೆ ಬ್ಯಾಗೇಜ್ ಬಾಗಿಲ ಹತ್ತಿರ ಮೈ ಹರಿದು ಒಂದು ಅಡಿ ಉದ್ದದ ತೂತು. ನಿಲ್ದಾಣದಲ್ಲಿ ನಿಂತಿದ್ದಾಗ ವಾಹನ ತಾಗಿಸಿದ್ದೆ, ಯಾರಿಗೂ ಹೇಳಿರಲಿಲ್ಲ ಎಂದು ರ‍್ಯಾಂಪ್ ಕೆಲಸಗಾರ ಆಮೇಲೆ ಒಪ್ಪಿಕೊಂಡ. ಅದು ಅಲ್ಯೂಮಿನಿಯಂ ವಿಮಾನ. ಈಗಿನ 787ರಂಥ ವಿಮಾನದಲ್ಲಿ ತೂಕದ ಅರ್ಧದಷ್ಟು ಕಾಂಪೊಸಿಟ್, ಅಂದರೆ ಪದರ ಪದರವಾಗಿ ಅಂಟಿಸಿದ ನಾರಿನ ವಸ್ತು. ಅದಕ್ಕೆ ಪೆಟ್ಟು ಬಿದ್ದರೆ ಮೇಲ್ಮೈ ಮತ್ತೆ ನೆಟ್ಟಗಾಗಿ ಏನೂ ಆಗದಂತೆ ಕಾಣಬಹುದು, ಒಳಗೆ ಪದರ ಬಿಟ್ಟಿರುತ್ತದೆ. "ಸ್ವಲ್ಪ ತಾಗಿತು" ಅಂತ ತೀರ್ಪು ಕೊಡುವವರು ನೀವೂ ಅಲ್ಲ, ಇನ್‌ಚಾರ್ಜೂ ಅಲ್ಲ. ಎಎಂಇ, ಅಂದರೆ ವಿಮಾನ ನಿರ್ವಹಣೆಯ ಲೈಸೆನ್ಸ್ ಇರುವ ಎಂಜಿನಿಯರ್, ನೋಡಿ ಹೇಳಬೇಕು. ವಿಮಾನದ ಮೈಮೇಲೆ ವಿಟಿ ಅಂತ ಶುರುವಾಗುವ ನಂಬರ್ ನೆನಪಿದ್ದರೆ ಅದು, ಇಲ್ಲದಿದ್ದರೆ ವಿಮಾನ ನಿಂತಿದ್ದ ಬೇ ನಂಬರ್, ತಾರೀಕು, ಹೊತ್ತು, ಯಾವ ಬಾಗಿಲ ಹತ್ತಿರ ತಾಗಿತು, ಇಷ್ಟನ್ನು ಆ ಏರ್‌ಲೈನಿನ ಎಂಜಿನಿಯರಿಂಗಿಗೋ ಸೇಫ್ಟಿಯವರಿಗೋ ಮುಟ್ಟಿಸಿ. ಒಂದು ವಾರವಾಯಿತು ಅಂತ ಹಿಂಜರಿಯಬೇಡಿ, ಆ ವಿಮಾನ ಇನ್ನೂ ಹಾರುತ್ತಿದೆ. ಇನ್ನು ಮುಂದೆ ಹೀಗಾದರೆ ಬಾಗಿಲು ಮುಚ್ಚುವ ಮೊದಲೇ ಬೇಯಲ್ಲಿರುವ ಎಂಜಿನಿಯರ್‌ಗೆ ಬಾಯಿಮಾತಿನಲ್ಲೇ ಹೇಳಿ. ಆ ಹೊತ್ತಿನಲ್ಲಿ ಫಾರ್ಮಿಗೆ ಕಾಯಬೇಡಿ.

ಬ್ರೇಕಿಗೆ ಬರೋಣ. ನೀವು ಹೆದರುತ್ತಿರುವುದು ರಿಪೋರ್ಟಿಗೆ. ನಾನಾಗಿದ್ದರೆ ಆ ಚೆಕ್‌ಲಿಸ್ಟಿಗೆ ಹೆದರುತ್ತಿದ್ದೆ. ಟ್ರಾಕ್ಟರ್ ಹೋಗಿ ಎಂಜಿನ್ನಿಗೋ ಮನುಷ್ಯನಿಗೋ ಗುದ್ದಿದ ದಿನ ಮೊದಲು ತೆಗೆಯುವ ಕಾಗದ ಅದೇ. "ಬ್ರೇಕ್ ಸರಿಯಿದೆ" ಅನ್ನುವುದರ ಮುಂದೆ ಟಿಕ್, ಕೆಳಗೆ ನಿಮ್ಮ ಸಹಿ. ಇನ್‌ಚಾರ್ಜ್ ಹೇಳಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ನಂದಿ ಬೆಟ್ಟದ ತಿರುವಿನಲ್ಲಿ ಬ್ರೇಕ್ ಹಿಡಿಯದ ಬೈಕನ್ನು ನೀವು ಇಳಿಸುತ್ತೀರಾ? ವಿಮಾನದ ಹತ್ತಿರ ಹೋಗುವ ಮೊದಲು ದೂರದಲ್ಲೇ ಒಮ್ಮೆ ಪೂರ್ತಿ ನಿಲ್ಲಿಸಿ ಬ್ರೇಕ್ ನೋಡಿಕೊಳ್ಳಬೇಕು ಅಂತ ಟ್ರೇನಿಂಗಿನಲ್ಲಿ ಕಲಿಸಿರುವುದು ಸುಮ್ಮನೆ ಅಲ್ಲ. ಹಾಗಾಗಿ ನಾಳೆಯಿಂದ ಟಿಕ್ ಹಾಕಬೇಡಿ. "ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ" ಅಂತ ಅದೇ ಹಾಳೆಯಲ್ಲಿ ಬರೆದು ಸಹಿ ಹಾಕಿ. ನಿಮ್ಮ ಮೊದಲ ರಿಪೋರ್ಟ್ ಅದೇ, ಜಗಳವೂ ಇಲ್ಲ.

ಹಾಳೆ ಮೂಲೆ ಸೇರಿದರೆ ಕಂಪನಿಯ ಸೇಫ್ಟಿ ವಿಭಾಗದ ಹಜಾರ್ಡ್ ಫಾರ್ಮ್ (ಅಪಾಯ ತಿಳಿಸುವ ಫಾರ್ಮ್) ತುಂಬಿ. ಇಲ್ಲಿ ಓದುವವನ ಕಡೆಯಿಂದ ಒಂದು ಮಾತು. "ಇನ್‌ಚಾರ್ಜ್ ಸರಿಯಿಲ್ಲ, ಎಲ್ಲ ಮುಚ್ಚಿಹಾಕುತ್ತಾರೆ" ಅಂತ ಬರೆದರೆ ಅದು ಎಚ್‌ಆರ್‌ಗೆ ಹೋಗುತ್ತದೆ, ಅಲ್ಲಿ ನೀವು ಮತ್ತು ಅವರು ಎದುರುಬದುರು ಕೂರುತ್ತೀರಿ. "ಇಂಥ ನಂಬರಿನ ಟ್ರಾಕ್ಟರ್, ನೆಲ ಒದ್ದೆಯಿದ್ದಾಗ ಬ್ರೇಕ್ ತುಳಿದರೆ ಬಲಕ್ಕೆ ಎಳೆಯುತ್ತದೆ, ಈ ತಾರೀಕಿನಿಂದ ಹೀಗಿದೆ" ಅಂತ ಬರೆದರೆ ಅದು ವರ್ಕ್‌ಶಾಪಿಗೆ ಹೋಗುತ್ತದೆ. ಎರಡು ಶಿಫ್ಟ್ ಒಟ್ಟಿಗೆ ಮಾಡಿಸುವುದನ್ನೂ ಹಾಗೇ ಬರೆಯಿರಿ: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಆಗ ಏನು ಓಡಿಸುತ್ತಿದ್ದಿರಿ. ಓವರ್‌ಟೈಮ್ ದುಡ್ಡಿನ ತಕರಾರನ್ನು ಇದರಲ್ಲಿ ಬೆರೆಸಬೇಡಿ, ಅದಕ್ಕೆ ದಾರಿ ಬೇರೆ. ಫಾರ್ಮ್ ಕೊಟ್ಟದ್ದಕ್ಕೆ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ. ನನ್ನ ಮೇಜಿಗೆ ಬಂದದ್ದರಲ್ಲಿ ಚೆನ್ನಾಗಿ ಅರ್ಥವಾಗುವಂತೆ ಇದ್ದದ್ದು ಕನ್ನಡದವೇ.

ಫೋಟೊ ಮಾತ್ರ ಬೇಡ. ವಿಮಾನಗಳು ಓಡಾಡುವ ಒಳಭಾಗದಲ್ಲಿ, ಅಂದರೆ ಏರ್‌ಸೈಡ್‌ನಲ್ಲಿ ಅನುಮತಿಯಿಲ್ಲದೆ ಮೊಬೈಲ್ ಎತ್ತಿದರೆ ಬ್ರೇಕಿನ ಮಾತು ಹಿಂದೆ ಬಿದ್ದು ನಿಮ್ಮ ಪಾಸಿನ ಮಾತು ಮುಂದೆ ಬರುತ್ತದೆ. ವಾಟ್ಸಾಪ್ ಗ್ರೂಪಿಗೂ ಏನೂ ಹಾಕಬೇಡಿ.

ಒಳಗೆ ಕೇಳುವವರೇ ಇಲ್ಲದಿದ್ದರೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಗೆ ನೀವೇ ಬರೆಯಬಹುದು. ವಾಲಂಟರಿ ರಿಪೋರ್ಟಿಂಗ್ ಅನ್ನುವ ವ್ಯವಸ್ಥೆ ಇದೆ, ಬರೆದವರ ಗುರುತನ್ನು ಗುಟ್ಟಾಗಿಡುವುದು ಅದರ ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ (ಐಸಿಎಒ) ಸುರಕ್ಷತೆ ಕುರಿತ 19ನೇ ಅನೆಕ್ಸ್ ಇಂಥ ವ್ಯವಸ್ಥೆ ಪ್ರತಿ ದೇಶದಲ್ಲೂ ಇರಬೇಕು, ಬರೆದವರಿಗೆ ಶಿಕ್ಷೆಯಾಗಬಾರದು ಅನ್ನುತ್ತದೆ. ಆದರೆ ಹೆಸರು ಗುಟ್ಟಾಗಿದ್ದರೂ, ಆ ಟ್ರಾಕ್ಟರ್ ಓಡಿಸುವವರು ಇಬ್ಬರೇ ಇದ್ದರೆ ಯಾರು ಬರೆದದ್ದು ಅಂತ ಇನ್‌ಚಾರ್ಜ್‌ಗೆ ಹೊಳೆಯದೇ ಇರುವುದಿಲ್ಲ.

ಕೆಲಸದ ಬಗ್ಗೆ ಸಿಹಿ ಸುಳ್ಳು ಹೇಳುವುದಿಲ್ಲ. ದೂರುದಾರರ ರಕ್ಷಣೆಗೆ 2014ರಲ್ಲಿ ಒಂದು ಕಾಯ್ದೆ ಪಾಸಾಯಿತು, ಅದು ಜಾರಿಗೇ ಬಂದಿಲ್ಲ. ಬಂದರೂ ಅದು ಸರ್ಕಾರಿ ನೌಕರರ ಮೇಲಿನ ದೂರುಗಳಿಗೆ, ನಿಮ್ಮಂಥ ಖಾಸಗಿ ಕಾಂಟ್ರ್ಯಾಕ್ಟಿಗಲ್ಲ. ಯಾರೂ ನಿಮ್ಮನ್ನು ಎದುರಿಗೇ ತೆಗೆಯುವುದಿಲ್ಲ. ರೋಸ್ಟರಿನಲ್ಲಿ ಬರೀ ರಾತ್ರಿ ಬರುತ್ತದೆ, ಕಾಂಟ್ರ್ಯಾಕ್ಟ್ ಮುಗಿದಾಗ ರಿನ್ಯೂ ಆಗುವುದಿಲ್ಲ, ಕಂಪನಿ ಮೂಲಕ ಬಂದ ಏರ್‌ಪೋರ್ಟ್ ಪಾಸ್ ಅದರ ಜೊತೆಗೇ ಹೋಗುತ್ತದೆ. ಅದಕ್ಕೇ ಒಬ್ಬರೇ ಹೋಗಬೇಡಿ. ಅದೇ ಟ್ರಾಕ್ಟರ್ ಓಡಿಸುವ ಇನ್ನೊಬ್ಬರನ್ನೂ ಬರೆಯಲು ಒಪ್ಪಿಸಿ, ಹಳಬರಾದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಇಎಂಐ ಇದ್ದರೆ ಈಗಿನಿಂದಲೇ ಬೇರೆ ಕಂಪನಿಗಳಲ್ಲೂ ಕೇಳಿಡಿ. ಏರ್‌ಸೈಡ್‌ನಲ್ಲಿ ಓಡಿಸಿ ಅನುಭವ ಇದ್ದವರನ್ನು ಕೇಳುವವರಿದ್ದಾರೆ.

ಇಷ್ಟೆಲ್ಲ ಯಾಕೆ ತಲೆಗೆ ಹಚ್ಚಿಕೊಳ್ಳಬೇಕು ಅಂದರೆ, ರ‍್ಯಾಂಪ್‌ನಲ್ಲಿ ಸಾಯುವವರು ನಾವೇ. 2015ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ವಿಮಾನವನ್ನು ಹಿಂದಕ್ಕೆ ತಳ್ಳುವ ಪುಷ್‌ಬ್ಯಾಕ್ ಹೊತ್ತಿಗೆ ಟೆಕ್ನಿಷಿಯನ್ ಒಬ್ಬರನ್ನು ಎಂಜಿನ್ ಎಳೆದುಕೊಂಡಿತು. 2019ರ ಜುಲೈನಲ್ಲಿ ಕೋಲ್ಕತ್ತದಲ್ಲಿ ವಿಮಾನದ ಚಕ್ರದ ಗೂಡಿನ ಬಾಗಿಲಿಗೆ ಸಿಕ್ಕಿ ಮತ್ತೊಬ್ಬರು ಹೋದರು. ಇಬ್ಬರೂ ಡ್ಯೂಟಿಯಲ್ಲಿದ್ದವರು.

ಸೋದರಮಾವನ ವಿಷಯ: ಅವರಿಗೆ ಹೇಳಿ, ಆದರೆ ಫಾರ್ಮ್ ಕೊಟ್ಟ ಮೇಲೆ. ಮೊದಲೇ ಹೇಳಿದರೆ ಅವರು ನಿಮ್ಮ ಒಳ್ಳೆಯದಕ್ಕೇ ಅಂದುಕೊಂಡು ಅದೇ ರಾತ್ರಿ ಇನ್‌ಚಾರ್ಜ್‌ಗೆ ಫೋನ್ ಹಚ್ಚುತ್ತಾರೆ.