ಹೂಳೆತ್ತುವ ಮೊದಲು ಮಡ್ಡಿ ಹತ್ತಿ ನೋಡಿ

ನೀರು–ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮೂರಿಗೆ ಕುಡಿಯುವ ನೀರು ಬರುವುದು ಕೆರೆಯ ಕೆಳಗಿರುವ ಎರಡು ಬೋರ್‌ವೆಲ್‌ಗಳಿಂದ. ಏಪ್ರಿಲ್ ಬಂತೆಂದರೆ ಒಂದು ನಿಂತೇ ಹೋಗುತ್ತದೆ. ಕೆರೆ ಹೂಳು ತೆಗೆಸೋಣ ಎಂದು ಊರ ಹಿರಿಯರು, ಯುವಕರು ಪಟ್ಟಿ ಎತ್ತಲು ತಯಾರಿದ್ದಾರೆ. ಜನಸಂಖ್ಯೆ ಸುಮಾರು ಮೂರು ಸಾವಿರ. ಜೆಸಿಬಿ ಯಾವಾಗ ತರಿಸಬೇಕು, ಎಷ್ಟು ಆಳ ತೋಡಿಸಬೇಕು?
ಗ್ರಾಮ ಪಂಚಾಯಿತಿ ಸದಸ್ಯರು, ಕುಷ್ಟಗಿ ತಾಲ್ಲೂಕು

ಉತ್ತರ: ಜನ ಕೂಡಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಕೊಪ್ಪಳ ಜಿಲ್ಲೆಯೇ ತೋರಿಸಿದೆ. ಹಿರೇಹಳ್ಳ ಸ್ವಚ್ಛವಾಗಿದ್ದು, ನಿಡಶೇಸಿ ಕೆರೆ ಮತ್ತೆ ನೀರು ಕಂಡಿದ್ದು ಹೀಗೆಯೇ. ಆದರೆ ಜೆಸಿಬಿ ಕೊನೆಗೆ ಬರಲಿ. ಕೆರೆಯ ಮೇಲ್ಗಡೆಯ ಮಡ್ಡಿಯ, ಅಂದರೆ ಕಲ್ಲುನೆಲದ ದಿನ್ನೆಯ, ಕೊರಕಲುಗಳು ಹಾಗೇ ಬಾಯಿ ತೆರೆದಿದ್ದರೆ ನೀವು ತೆಗೆದ ಹೂಳು ಕೆಲವೇ ಮಳೆಗಾಲದಲ್ಲಿ ಮರಳಿ ಕೆರೆಗೇ ಬರುತ್ತದೆ.

ಮೊದಲ ಕೆಲಸ ನಡಿಗೆ. ಕೆರೆ ಏರಿಯಿಂದ ಹೊರಟು ಹಳ್ಳದ ಗುಂಟ ಮೇಲಕ್ಕೆ ಹೋಗಿ, ನೀರು ಆಚೆ ಬದಿಗೆ ಇಳಿಯುವ ದಿನ್ನೆ ಸಿಗುವವರೆಗೂ ನಡೆಯಿರಿ. ಕುರಿ ಕಾಯುವವರನ್ನು ಕರೆದೊಯ್ಯಿರಿ. ಯಾವ ಮಳೆಗೆ ಯಾವ ಸರುವಿನಲ್ಲಿ (ಸಣ್ಣ ತೊರೆಯಲ್ಲಿ) ನೀರು ಹರಿಯುತ್ತದೆಂದು ಅವರಷ್ಟು ಸರಿಯಾಗಿ ಬೇರೆ ಯಾರೂ ಹೇಳಲಾರರು. ಸರ್ವೆ ಇಲಾಖೆಯ ಗ್ರಾಮ ನಕ್ಷೆಯ ಪ್ರತಿಯೊಂದು ಕೈಯಲ್ಲಿರಲಿ. ಮೊಬೈಲಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ದಿನ್ನೆಯ ಗೆರೆ, ಹಳ್ಳ, ಒತ್ತುವರಿಯಾದ ಕಾಲುವೆ, ಕಲ್ಲು ಕ್ವಾರಿ, ಪ್ರತಿಯೊಂದು ಬೋರ್‌ವೆಲ್, ತಿಪ್ಪೆ, ಶೌಚದ ಗುಂಡಿ ಎಲ್ಲವೂ ನಕ್ಷೆಯಲ್ಲಿ ಬರಬೇಕು. ದಿನ್ನೆಯ ಗೆರೆ ಪಂಚಾಯಿತಿ ಗಡಿಯನ್ನು ಕೇಳಿಕೊಂಡು ಹೋಗುವುದಿಲ್ಲ. ಕೆರೆಗೆ ನೀರು ಹರಿದು ಬರುವ ಜಮೀನಿನ (ಜಲಾನಯನದ) ಅರ್ಧ ಪಕ್ಕದ ಪಂಚಾಯಿತಿಯಲ್ಲಿದ್ದರೆ ಆ ಊರಿನ ಗ್ರಾಮಸಭೆಯಲ್ಲೂ ಠರಾವು ಆಗಲೇಬೇಕು. ಇಲ್ಲದಿದ್ದರೆ ಅಲ್ಲಿ ಮಾಡುವ ಕಾಮಗಾರಿ ಕ್ರಿಯಾಯೋಜನೆಗೇ ಸೇರುವುದಿಲ್ಲ.

ಆಮೇಲೆ ಲೆಕ್ಕ. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ನಿಮ್ಮ ಕೆರೆಗೆ ನೀರು ಕೊಡುವ ಜಮೀನು 300 ಹೆಕ್ಟೇರ್, ವರ್ಷದ ಮಳೆ 550 ಮಿ.ಮೀ. ಎಂದು ಹಿಡಿದರೆ ಬೀಳುವುದು 165 ಕೋಟಿ ಲೀಟರ್. ಮೂರು ಸಾವಿರ ಜನಕ್ಕೆ ಜಲ ಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ದಿನಕ್ಕೆ 1.65 ಲಕ್ಷ, ವರ್ಷಕ್ಕೆ ಸುಮಾರು 6 ಕೋಟಿ ಲೀಟರ್. ಬಿದ್ದ ಮಳೆಯ ನೂರಕ್ಕೆ ನಾಲ್ಕು ಪಾಲೂ ಅಲ್ಲ. ಈಗ ಇನ್ನೊಂದು ಲೆಕ್ಕ ನೋಡಿ. ತಾಸಿಗೆ 5,000 ಲೀಟರ್ ಎತ್ತುವ ಒಂದು ಹೊಲದ ಬೋರ್ ಏಳು ತಾಸು ತ್ರೀಫೇಸ್ ಕರೆಂಟಿನಲ್ಲಿ 35,000 ಲೀಟರ್ ಎತ್ತುತ್ತದೆ. ಅಂಥ ಐದು ಬೋರ್ ಸೇರಿದರೆ ಇಡೀ ಊರು ಕುಡಿಯುವಷ್ಟು ನೀರು ಖಾಲಿ.

ಆದ್ದರಿಂದ ನೀವು ಎಷ್ಟೇ ಇಂಗಿಸಿದರೂ, ನೀರು ಮೇಲೆ ಬಂತೆಂದು ಕೆರೆ ಸುತ್ತ ಹೊಸ ಬೋರ್ ಬಿದ್ದರೆ ಊರಿನ ನಲ್ಲಿಗೆ ಏನೂ ಉಳಿಯದು. ಇಂಥ ಯೋಜನೆಗಳು ಹೆಚ್ಚಾಗಿ ಕೆಡುವುದು ಇಲ್ಲಿಯೇ. ಒಪ್ಪಂದ ಮೊದಲು, ಅಗೆತ ಆಮೇಲೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1999ರ ಅಂತರ್ಜಲ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ, ಬೋರ್ ತೋಡುವಂತಿಲ್ಲ. ಆ 500 ಮೀಟರಿನ ಸುತ್ತನ್ನು ನಕ್ಷೆಯಲ್ಲಿ ಕೆಂಪು ಗೆರೆಯಿಂದ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿರಿ. ಒಳಗಿರುವ ಹಳೆಯ ಬೋರಿನ ರೈತರನ್ನು ಶತ್ರುಗಳಂತೆ ಕಾಣಬೇಡಿ. ಅವರು ಹೊಲಕ್ಕೆ ನೀರು ಹರಿಬಿಡುವ ಪದ್ಧತಿ ಹನಿ ನೀರಾವರಿಗೆ ಬದಲಾಗಲು ಸಬ್ಸಿಡಿ ಅರ್ಜಿ ಊರೇ ಮುಂದೆ ನಿಂತು ಹಾಕಿಸಲಿ, ಹೂಳಿನ ಮೊದಲ ಪಾಲು ಅವರ ಹೊಲಕ್ಕೆ ಹೋಗಲಿ. ಪ್ರತಿಯಾಗಿ ಬೇಸಿಗೆ ಬೆಳೆಗೆ ಭತ್ತ, ಕಬ್ಬು ಇಲ್ಲ ಎಂಬ ಮಾತು ಠರಾವಿನಲ್ಲಿ ಬರೆದಿರಲಿ. ಬೇರೆ ಯಾವ ಬೆಳೆ ಎಂಬ ನಿರ್ಧಾರ ಪ್ರತಿ ವರ್ಷ ನವೆಂಬರಿನ ನೀರಿನ ಮಟ್ಟ ನೋಡಿ ಆಗಬೇಕು. ರಾತ್ರಿಯಿಡೀ ಪಂಪ್ ನಿಲ್ಲಿಸಿ, ಬೆಳಿಗ್ಗೆ ಅಳತೆ ಗುರುತಿರುವ ಹಗ್ಗಕ್ಕೆ ತೂಕ ಕಟ್ಟಿ ಬೋರಿಗೆ ಇಳಿಬಿಟ್ಟರೆ ಮಟ್ಟ ಸಿಗುತ್ತದೆ. ಮೇ ಮತ್ತು ನವೆಂಬರಿನಲ್ಲಿ ಅಳೆದು ಅದೇ ಗೋಡೆಯ ಮೇಲೆ ಬರೆಯಿರಿ.

ಅಗೆತ ಮೇಲಿನಿಂದ ಕೆಳಕ್ಕೆ ಬರಬೇಕು. ಮಡ್ಡಿಯಲ್ಲಿ 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಟ್ರೆಂಚ್. ಒಂದೊಂದೂ ಒಂದು ಘನ ಮೀಟರ್ ನೀರು ಹಿಡಿಯುತ್ತದೆ. ಒಂದು ಸಾಲಿನ ಖಾಲಿ ಜಾಗದ ಕೆಳಗೆ ಮುಂದಿನ ಸಾಲಿನ ಟ್ರೆಂಚ್ ಬರಲಿ. ಮಣ್ಣನ್ನು ಇಳಿಜಾರಿನ ಕೆಳಬದಿಗೆ ಒಂದು ಅಡಿ ಬಿಟ್ಟು ಹಾಕಿ. ಅಂಚಿಗೇ ಹಾಕಿದರೆ ಮೊದಲ ಮಳೆಗೇ ಒಳಗೆ ಜಾರುತ್ತದೆ. ಟ್ರೆಂಚ್ ಉದ್ದಕ್ಕೂ ಒಂದೇ ಮಟ್ಟದಲ್ಲಿರುವಂತೆ ಗುರುತು ಹಾಕಲು ಸಮ ಉದ್ದದ ಎರಡು ಕೋಲು, ನಡುವೆ ಅಡ್ಡಪಟ್ಟಿ, ತುದಿಯಿಂದ ದಾರಕ್ಕೆ ಕಟ್ಟಿದ ಕಲ್ಲು ಇರುವ ಎ-ಫ್ರೇಮ್ ಸಾಕು. ಕಣ್ಣಳತೆಯಲ್ಲಿ ತೋಡಿದ ಟ್ರೆಂಚಿನಲ್ಲಿ ನೀರು ಒಂದು ತುದಿಗೆ ಓಡಿ ಅಲ್ಲೇ ಒಡೆದು ಹೊಸ ಕೊರಕಲು ಮಾಡುತ್ತದೆ.

ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಮಾತ್ರ ಟ್ರೆಂಚ್ ಬೇಡ. ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ತೊಯ್ದಾಗ ನೀರು ನಿಲ್ಲಿಸಿ ಬೆಳೆ ಕೊಳೆಸುತ್ತದೆ. ಅಲ್ಲಿ ಸಣ್ಣ ಇಳುಕಲಿನ ಒಡ್ಡು, ಕೊನೆಗೆ ಕಲ್ಲಿನ ಕೋಡಿ ಇರಬೇಕು. ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಸಮಪಾತಳಿ ಬದು ನಡೆಯುತ್ತದೆ.

ಹಳ್ಳದ ಕಲ್ಲು ತಡೆಗಳಲ್ಲಿ ಆಗುವ ದೊಡ್ಡ ತಪ್ಪು ತಲೆಯನ್ನು ಸಮಮಟ್ಟ ಕಟ್ಟುವುದು. ನಡುಭಾಗ ಒಂದು ಅಡಿ ತಗ್ಗಿರಬೇಕು, ಎರಡೂ ತುದಿ ದಂಡೆಯೊಳಗೆ ಎರಡು ಅಡಿ ಹೊಕ್ಕಿರಬೇಕು. ಹಾಗಿಲ್ಲದಿದ್ದರೆ ನೀರು ಪಕ್ಕದ ದಂಡೆ ಕೊರೆದುಕೊಂಡು ಹೋಗಿ ಕಲ್ಲುಗುಡ್ಡೆ ಒಣಗಿ ನಿಲ್ಲುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಡಿ: ನೂರು ಅಡಿಗೆ ಐದು ಅಡಿ ಇಳಿಜಾರು, ತಡೆಯ ಎತ್ತರ ಎರಡೂವರೆ ಅಡಿ ಇದ್ದರೆ ಐವತ್ತು ಅಡಿಗೊಂದು. ಇದೆಲ್ಲ ಮೇ ಮಧ್ಯದೊಳಗೆ ಮುಗಿಯಲಿ.

ಈಗ ಹೂಳು. ಏರಿಯ ಬುಡದ ಹತ್ತಿರ ತೋಡಬೇಡಿ, ಏರಿ ಕುಸಿಯುತ್ತದೆ. ಹೆಚ್ಚು ನೀರು ನಿಲ್ಲಲಿ ಎಂದು ಕೋಡಿ ಎತ್ತರಿಸಬೇಡಿ. ಅಂಥ ಕೆರೆ ದೊಡ್ಡ ಮಳೆಗೆ ಏರಿಯ ಮೇಲೆಯೇ ಉಕ್ಕಿ ಒಡೆಯುತ್ತದೆ. ನಿಮ್ಮದು ಬೋರಿಗೆ ನೀರಿಂಗಿಸುವ ಕೆರೆಯಾದ್ದರಿಂದ ಜಿಗುಟು ಹೂಳಿನ ಪದರ ಪೂರ್ತಿ ತೆಗೆದು ಗರಸು ಕಂಡಲ್ಲಿ ನಿಲ್ಲಿಸಿ. ಕೆರೆ ಅಂಗಳದ ಬಳ್ಳಾರಿ ಜಾಲಿಯನ್ನು ಬೇರು ಸಮೇತ ಕೀಳಿಸಿ, ಕಡಿದರೆ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಏರಿಯ ಮೇಲಿನ ಜಾಲಿ ಬೇರೆ ಮಾತು: ಬೇರು ಕಿತ್ತ ಗುಂಡಿಯನ್ನು ಅಂದೇ ಮಣ್ಣು ತುಂಬಿ ದಮ್ಮಸು ಹೊಡೆಯದಿದ್ದರೆ ನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದ ತುಂಬಿಸುವ ಕುಡಿಯುವ ನೀರಿನ ಕೆರೆ ಇದೆ. ಸುತ್ತಲೂ ಭತ್ತದ ಗದ್ದೆ. ಮಾರ್ಚ್ ಹೊತ್ತಿಗೆ ನೀರು ಹಸಿರಾಗಿ ವಾಸನೆ ಬರುತ್ತದೆ, ಮಕ್ಕಳಿಗೆ ವಾಂತಿಭೇದಿ. ನಮ್ಮ ಸಂಘದವರು ಏನು ಮಾಡಬಹುದು?
ಸ್ತ್ರೀಶಕ್ತಿ ಸಂಘದ ಸದಸ್ಯೆಯರು, ಸಿಂಧನೂರು ತಾಲ್ಲೂಕು

ಉತ್ತರ: ತಾಯಂದಿರೇ, ಹಸಿರು ಬರುವುದು ಗದ್ದೆಯ ಗೊಬ್ಬರ ಕೆರೆಗೆ ಸೇರುವುದರಿಂದ. ಗದ್ದೆಯ ಬಸಿನೀರು ಒಳಗೆ ಬಾರದಂತೆ ಕೆರೆ ಸುತ್ತ ಬಸಿಗಾಲುವೆ ತೋಡಿಸಿ. ಏರಿಯ ಹೊರಗೆ ಹುಲ್ಲಿನ ಪಟ್ಟಿ ಬಿಟ್ಟು ಅಲ್ಲಿ ಗೊಬ್ಬರ, ಔಷಧಿ ಹೊಡೆಯಬಾರದೆಂದು ಪಂಚಾಯಿತಿಯಲ್ಲಿ ಬರೆಸಿ. ದನಗಳಿಗೆ ಹೊರಗೆ ಬೇರೆ ತೊಟ್ಟಿ ಕಟ್ಟಿಸದೆ ಬೇಲಿ ಮಾತ್ರ ಹಾಕಿದರೆ ಬೇಲಿ ಉಳಿಯದು. ಕಾಲುವೆ ಬಿಟ್ಟ ಮೊದಲ ಎರಡು ದಿನದ ನೀರು ಕಾಲುವೆಯ ಕಸವನ್ನೆಲ್ಲ ಹೊತ್ತು ತರುತ್ತದೆ, ತೂಬು ಮುಚ್ಚಿ ಅದನ್ನು ಮುಂದೆ ಹೋಗಲು ಬಿಡಿ.

ಬೇಸಿಗೆಯಲ್ಲಿ ಕೆರೆ ಮೇಲಿಂದ ದಿನಕ್ಕೆ 6–8 ಮಿ.ಮೀ. ಆವಿಯಾಗುತ್ತದೆ. ಕಾಲುವೆಗೆ ನೀರು ಬಿಡದ 120 ದಿನದಲ್ಲಿ ಎಕರೆಗೆ ಸುಮಾರು 30ರಿಂದ 40 ಲಕ್ಷ ಲೀಟರ್ ಹೋಗಿಬಿಡುತ್ತದೆ. ಹಾಗಾಗಿ ಕೆರೆ ವಿಸ್ತರಿಸುವ ಮಾತು ಬಂದರೆ ಅಗಲಕ್ಕಿಂತ ಆಳ ಕೇಳಿ. ಆದರೆ ನಿಮ್ಮದು ನೀರು ಹಿಡಿದಿಡುವ ಕೆರೆ; ತಳದ ಜಿಗುಟು ಮಣ್ಣಿನ ಪದರ ಒಡೆಯಬಾರದು.

ಮರಳಿನ ಫಿಲ್ಟರ್ ನಿಧಾನವಾದರೆ ಮೇಲಿನ ಎರಡು ಸೆಂಟಿಮೀಟರ್ ಮರಳನ್ನಷ್ಟೇ ಕೆರೆದು ತೆಗೆಯಬೇಕು. ಪೂರ್ತಿ ಮರಳು ಕಲಕಿದರೆ ನೀರು ಶುದ್ಧ ಮಾಡುವ ಜೀವಪದರವೇ ಹಾಳಾಗುತ್ತದೆ. ಬ್ಲೀಚಿಂಗ್ ಪುಡಿ ಫಿಲ್ಟರ್ ಆದ ಮೇಲೆ ಹಾಕಲಿ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ, 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಅರ್ಧ ತಾಸು ಬಿಟ್ಟು ನೀರು ಹರಿಸಬೇಕು. ತೆರೆದಿಟ್ಟ ಚೀಲದ ಪುಡಿಗೆ ಶಕ್ತಿ ಇರುವುದಿಲ್ಲ, ಅದಕ್ಕೇ ಪರೀಕ್ಷೆ ಮುಖ್ಯ. ಸಾಲಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿಗೆ ಅವಕಾಶವಿದೆ. ನಿಮ್ಮ ಸಂಘದಿಂದಲೇ ಐವರ ಹೆಸರು ಕೊಡಿ.

ಪ್ರಶ್ನೆ: ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂದು ಹೇಳಿದ್ದಾರೆ. ಕುದಿಸಿ ಕುಡಿದರೆ ಆಗುವುದೇ?
ಲಿಂಗಸುಗೂರು ತಾಲ್ಲೂಕಿನ ಓದುಗರು

ಉತ್ತರ: ಆಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಪ್ರಮಾಣ ತುಸು ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೂ 1.5 ದಾಟಬಾರದು. ಜೊತೆಗೆ ನೈಟ್ರೇಟ್ ಪರೀಕ್ಷೆಯನ್ನೂ ಮಾಡಿಸಿ, ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಶುದ್ಧ ನೀರಿನ ಘಟಕವಿದ್ದರೆ ಅದು ಹೊರಹಾಕುವ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಇವತ್ತೇ ಹೋಗಿ ನೋಡಿ. ತೆಗೆದ ಫ್ಲೋರೈಡೆಲ್ಲ ಅದರಲ್ಲೇ ಇರುತ್ತದೆ. ಬೋರಿನ ಪಕ್ಕದ ಗುಂಡಿಗೆ ಬಿಟ್ಟಿದ್ದರೆ ಅದು ಮರಳಿ ಅದೇ ಬೋರಿಗೆ ಇಳಿಯುತ್ತದೆ. ಪೈಪ್ ಹಾಕಿ ಬೋರಿನಿಂದ ದೂರ, ಇಳಿಜಾರಿನ ಕೆಳಗೆ ಒಯ್ದು ಶೌಚಾಲಯ ತೊಳೆಯಲು ಇಲ್ಲವೇ ಕಟ್ಟಡದ ಕೆಲಸಕ್ಕೆ ಬಳಸಿ, ದನಕ್ಕೂ ಕುಡಿಸಬೇಡಿ.