ಕೊಟ್ಟಿಗೆ ತುಂಬಾ ಹಾಳೆ ಇದೆ, ಲೆಕ್ಕದಲ್ಲಿ ಮಾತ್ರ ನಷ್ಟ!

ಪ್ರಶ್ನೆ: ಸಾಗರದ ಹತ್ತಿರ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ ನಮ್ಮದು. ಒಳ್ಳೆ ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ. ಹಾಗಾಗಿ ಜನವರಿಯಿಂದಲೇ ಕೊಂಡು ಕೊಟ್ಟಿಗೆಯಲ್ಲಿ ಒಟ್ಟಿಡುತ್ತೇವೆ. ಮಾರ್ಚ್‌ಗೆ ಮುಗಿದ ವರ್ಷದಲ್ಲಿ 3,40,000 ತಟ್ಟೆ ಮಾರಿದೆವು. ಒಂದಕ್ಕೆ 2.75 ರೂಪಾಯಿಯಂತೆ 9,35,000 ಬಂತು. ಹಾಳೆ, ಕೂಲಿ, ಕರೆಂಟು, ಬಾಡಿಗೆ, ಲಾರಿ, ಬಡ್ಡಿ ಎಲ್ಲ ಸೇರಿಸಿ, ಚೂರು ಮಾರಿದ 10,000 ಕಳೆದರೆ ಖರ್ಚು 10,40,000. ಅಂದರೆ ತಟ್ಟೆಗೆ 3 ರೂಪಾಯಿ ಮೇಲೆ ಬಿದ್ದಿದೆ, 1,05,000 ನಷ್ಟ. ರೇಟು ಏರಿಸಿದರೆ ಗಿರಾಕಿ ನಿಲ್ಲುವುದಿಲ್ಲ. ಯಂತ್ರ ಮಾರಿಬಿಡಲಾ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ಯಂತ್ರ ಇರಲಿ. ಮೊದಲು ಕೊಟ್ಟಿಗೆಯ ಬಾಗಿಲು ತೆಗೆದು ನೋಡಿ.

ಪತ್ರದ ಜೊತೆ ನೀವು ಕಳಿಸಿದ ಚೀಟಿಯಲ್ಲೇ ಉತ್ತರ ಇದೆ. ಮಾರ್ಚ್ 31ಕ್ಕೆ 1,00,000 ಹಾಳೆ ಉಳಿದಿದೆ, ಕಟ್ಟಿಟ್ಟ ತಟ್ಟೆ 60,000 ಇದೆ. ನಿಮ್ಮ ಲೆಕ್ಕದಲ್ಲಿ ಇವೆರಡರ ಸುಳಿವೇ ಇಲ್ಲ. ಕಣಜದ ತುಂಬಾ ಭತ್ತ ಇಟ್ಟುಕೊಂಡು ಈ ಸಲ ಬೆಳೆನೇ ಬಂದಿಲ್ಲ ಅಂದ ಹಾಗಾಯ್ತು, ಅಲ್ವಾ? ಕೊಟ್ಟ ದುಡ್ಡೆಲ್ಲ ಆ ವರ್ಷದ ಖರ್ಚಲ್ಲ. ಅದರಲ್ಲಿ ಒಂದಷ್ಟು ಇನ್ನೂ ಹಾಳೆಯಾಗಿ, ತಟ್ಟೆಯಾಗಿ ನಿಮ್ಮ ಹತ್ತಿರವೇ ಇದೆ.

ಮೊದಲು ಹಾಳೆಯ ಲೆಕ್ಕ. ವರ್ಷದ ಶುರುವಿನಲ್ಲಿ 30,000 ಹಾಳೆ ಇತ್ತು, ಆಮೇಲೆ 2,90,000 ಕೊಂಡಿರಿ. ತೋಟದಿಂದ ತರುವ ಟೆಂಪೊ ಬಾಡಿಗೆಯೂ ಸೇರಿ ಒಂದಕ್ಕೆ 2 ರೂಪಾಯಿ ಬಿದ್ದಿದೆ. (ಒಳಗೆ ಬರುವ ಬಾಡಿಗೆ ಹಾಳೆಯ ಬೆಲೆಗೇ ಸೇರಬೇಕು. ನೀವು ಸೇರಿಸಿದ್ದೀರಿ, ಸರಿಯಾಗಿದೆ.) ಒಟ್ಟು 3,20,000 ಹಾಳೆಯಲ್ಲಿ 1,00,000 ಉಳಿದರೆ ಖಾಲಿಯಾಗಿದ್ದು 2,20,000. ಅದರಲ್ಲಿ 10,000 ಹಾಳೆ ಮಳೆಗಾಲದಲ್ಲಿ ಸೂರು ಸೋರಿ ಬೂಷ್ಟು ಹಿಡಿದು ಗೊಬ್ಬರದ ಗುಂಡಿಗೆ ಹೋಯಿತು ಅಂತ ಬರೆದಿದ್ದೀರಿ. ಆ 20,000 ರೂಪಾಯಿಯನ್ನು ತಟ್ಟೆಯ ತಲೆಗೆ ಕಟ್ಟಬೇಡಿ, ನಷ್ಟ ಅಂತ ಬೇರೆ ಬರೆಯಿರಿ. ನಿಜವಾಗಿ ಯಂತ್ರಕ್ಕೆ ಹೋದ ಹಾಳೆ 2,10,000, ಅಂದರೆ 4,20,000 ರೂಪಾಯಿ.

ಒಂದು ಹಾಳೆಗೆ ಎರಡರಂತೆ 4,20,000 ತಟ್ಟೆ ಒತ್ತಿದ್ದೀರಿ, ಪಾಸಾಗಿದ್ದು 4,00,000. ಉಳಿದ 20,000 ಅಂಚು ಸೀಳಿ ಹೋಗಿವೆ. ಇದನ್ನು ಬೂಷ್ಟಿನ ಜೊತೆ ಸೇರಿಸಬೇಡಿ. ಹಾಳೆಯನ್ನು ಎಷ್ಟೇ ಹದವಾಗಿ ನೆನೆಸಿದರೂ ಬಿಸಿ ಅಚ್ಚಿನ ಕೆಳಗೆ ನೂರಕ್ಕೆ ನಾಲ್ಕೈದು ಚಟ್ ಅಂತ ಸೀಳುತ್ತವೆ. ಅದು ಕೆಲಸದ ಗುಣ. ಅದರ ಖರ್ಚನ್ನು ಪಾಸಾದ ತಟ್ಟೆಗಳೇ ಹೊರಬೇಕು. ಸೂರು ಸೋರುವುದು ಕೆಲಸದ ಗುಣ ಅಲ್ಲ.

ಹಾಳೆಯ 4,20,000 ರೂಪಾಯಿಗೆ ಕೂಲಿ 2,40,000 ಸೇರಿಸಿ. ಕರೆಂಟು 48,000, ಶೆಡ್ಡಿನ ಬಾಡಿಗೆ 30,000, ರಿಪೇರಿ 12,000, ಇಪ್ಪತ್ತೈದು ತಟ್ಟೆ ತುಂಬುವ ಕವರು 10,000, ಇವೂ ಸೇರಲಿ. ನೀವು ಮರೆತಿದ್ದು ಯಂತ್ರದ ಸವಕಳಿ. ದುಡ್ಡು ಕೈಯಿಂದ ಹೋಗದಿದ್ದರೂ ಅಚ್ಚು, ಹೀಟರ್ ದಿನಾ ಸವೆಯುತ್ತಲೇ ಇರುತ್ತವೆ. ನೀವು ಕೊಟ್ಟ ಯಂತ್ರದ ಬೆಲೆ ನೋಡಿ ನಾನು ವರ್ಷಕ್ಕೆ 30,000 ಹಿಡಿದಿದ್ದೇನೆ. ಮೇವಿಗೆ ಮಾರಿದ ಚೂರಿನ 10,000 ಕಳೆಯಿರಿ. ಒಟ್ಟು 7,80,000. ಇದೇ ಆ ವರ್ಷದ ತಯಾರಿಕಾ ವೆಚ್ಚ. ಇದನ್ನು 3,40,000ದಿಂದ ಅಲ್ಲ, 4,00,000ದಿಂದ ಭಾಗಿಸಬೇಕು. ಮಾರಿದ್ದೆಷ್ಟು ಅನ್ನುವುದು ಇಲ್ಲಿ ಬರುವುದೇ ಇಲ್ಲ, ಮಾಡಿದ್ದೆಷ್ಟು ಅನ್ನುವುದಷ್ಟೇ ಮುಖ್ಯ. ತಟ್ಟೆಗೆ 1.95 ಬೀಳುತ್ತದೆ.

ಅರ್ಧ ಮುಗಿದ ಮಾಲಿನ ಲೆಕ್ಕ ನಿಮಗೆ ಬೇಕಿಲ್ಲ. ಬೆಳಿಗ್ಗೆ ನೆನೆಸಿದ ಹಾಳೆ ಸಂಜೆಗೆ ತಟ್ಟೆಯಾಗಿರುತ್ತದೆ. ತೊಟ್ಟಿಯಲ್ಲಿ ಉಳಿದ ನೂರಿನ್ನೂರು ಹಾಳೆಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೋದ ಮಾರ್ಚ್‌ನಲ್ಲಿ ತಯಾರಾದ ತಟ್ಟೆ ಒಂದೂ ಉಳಿದಿರಲಿಲ್ಲ ಅಂದಿದ್ದೀರಿ. ಹಾಗಾದರೆ ಈಗ ಉಳಿದ 60,000 ತಟ್ಟೆಯ ಬೆಲೆ 1,17,000. ಅದನ್ನು 7,80,000ದಿಂದ ಕಳೆದರೆ ಮಾರಿದ ಮಾಲಿನ ವೆಚ್ಚ 6,63,000. ಮಾರಾಟ 9,35,000, ಆದ್ದರಿಂದ ಒಟ್ಟು ಲಾಭ 2,72,000. ಇದರಲ್ಲಿ ಬೂಷ್ಟಿನ 20,000, ರಟ್ಟಿನ ಪೆಟ್ಟಿಗೆ ಮತ್ತು ಬೆಂಗಳೂರಿನ ಲಾರಿಗೆ 70,000, ಬ್ಯಾಂಕ್ ಬಡ್ಡಿ 60,000 ಕಳೆಯಿರಿ. ಉಳಿಯುವುದು 1,22,000 ಲಾಭ.

ಲಾರಿ, ಬಡ್ಡಿ ಯಾಕೆ ತಟ್ಟೆಯ ವೆಚ್ಚಕ್ಕೆ ಬರಲಿಲ್ಲ ಅಂತ ಕೇಳಬಹುದು. ದಾಸ್ತಾನಿಗೆ ಬೆಲೆ ಕಟ್ಟುವುದು ಹೇಗೆ ಅಂತ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಮಾಡಿದ ಎಎಸ್ 2 ನಿಯಮ ಹೇಳುವುದು ಹೀಗೆ: ಮಾಲನ್ನು ಈಗಿರುವ ಜಾಗಕ್ಕೆ, ಈಗಿರುವ ಸ್ಥಿತಿಗೆ ತರಲು ಆದ ಖರ್ಚು ಮಾತ್ರ ಮಾಲಿನ ಬೆಲೆ. ಮಾರುವ ಖರ್ಚು, ವಿಪರೀತ ಹಾನಿ ಹೊರಗೆ. ಬಡ್ಡಿಯೂ ಸಾಮಾನ್ಯವಾಗಿ ಹೊರಗೇ. ಅದೇ ನಿಯಮದ ಇನ್ನೊಂದು ಮಾತು: ದಾಸ್ತಾನಿಗೆ ಆದ ವೆಚ್ಚ, ಮಾರುವ ಖರ್ಚು ಕಳೆದು ಕೈಗೆ ಸಿಗುವ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಬರೆಯಬೇಕು. 60,000ದಲ್ಲಿ ಕಪ್ಪು ಚುಕ್ಕೆ ಬಿದ್ದು ಒಂದು ರೂಪಾಯಿಗಷ್ಟೇ ಹೋಗುವ ತಟ್ಟೆ ಇದ್ದರೆ ಅದಕ್ಕೆ 1.95 ಬರೆಯಬೇಡಿ. ಎಣಿಕೆಯನ್ನೂ ಕಣ್ಣಳತೆಯಲ್ಲಿ ಮಾಡಬೇಡಿ. ಶುರುವಿನ ದಿನಗಳಲ್ಲಿ ನಾನೇ ಒಂದು ಕಡೆ ಹೊರಗಿನಿಂದ ಕಟ್ಟು ಎಣಿಸಿ ಬರೆದಿದ್ದೆ. ಆಮೇಲೆ ಇಳಿಸಿ ನೋಡಿದರೆ ಅಡಿಯ ಎರಡು ಸಾಲು ಪೂರ್ತಿ ಕೊಳೆತಿತ್ತು.

ಜಿಎಸ್‌ಟಿ ಬಗ್ಗೆಯೂ ಒಂದು ಮಾತು. ಎಲೆ, ತೊಗಟೆಯಿಂದ ಮಾಡಿದ ತಟ್ಟೆಯ ಮೇಲಿನ ತೆರಿಗೆಯನ್ನು 2019ರಲ್ಲಿ ತೆಗೆದರು. ಕೇಳಲು ಚೆನ್ನಾಗಿದೆ. ಆದರೆ ದೇಶದೊಳಗೇ ಮಾರುವವರಿಗೆ ಪೆಟ್ಟಿಗೆ, ಬಿಡಿಭಾಗದ ಮೇಲೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಅದನ್ನೂ ಸೇರಿಸಿಯೇ ಖರ್ಚು ಬರೆಯಿರಿ.

ಈಗ ರೇಟಿನ ವಿಷಯ. ಇಲ್ಲಿ ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ. ನಿಮ್ಮ ಮನೆಯವರು ದಿನಾ ಯಂತ್ರದ ಮುಂದೆ ಕೂರುತ್ತಾರೆ ಅಂತ ಬರೆದಿದ್ದೀರಿ, ಕೂಲಿ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಕೊಡದ ಕೂಲಿಯನ್ನು ಪುಸ್ತಕದಲ್ಲಿ ಖರ್ಚು ಅಂತ ಬರೆಯುವ ಹಾಗಿಲ್ಲ, ನಿಜ. ಆದರೆ ಗಿರಾಕಿಗೆ ರೇಟು ಹೇಳುವಾಗ ಅದನ್ನು ಹಿಡಿಯಲೇಬೇಕು. ತಿಂಗಳಿಗೆ 8,000 ಹಿಡಿದರೂ ತಟ್ಟೆಗೆ 24 ಪೈಸೆ. ಮಾರಿದ ತಟ್ಟೆಗೆ ಪೆಟ್ಟಿಗೆ, ಲಾರಿ 21 ಪೈಸೆ, ಬಡ್ಡಿ 18 ಪೈಸೆ. 1.95ಕ್ಕೆ ಇವು ಸೇರಿದರೆ 2.58. ಸಗಟು ವ್ಯಾಪಾರಿ ಎರಡೂವರೆಗೆ ಕೊಡಿ ಅಂದರೆ ಒಪ್ಪಬೇಡಿ. 2.75 ಸಿಕ್ಕರೆ ಉಳಿಯುವುದು 17 ಪೈಸೆ, ಅದರಲ್ಲೂ 6 ಪೈಸೆ ಬೂಷ್ಟಿಗೆ ಹೋಗಿದೆ. ಈ ಮಳೆಗಾಲಕ್ಕೆ ಮೊದಲು ಸೂರು ಕಟ್ಟಿಸಿ, ಹಾಳೆಯ ಅಡಿಗೆ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ ಹಾಕಿಸಿ. ದಬ್ಬೆ ನಿಮ್ಮ ತೋಟದಲ್ಲೇ ಸಿಗುತ್ತದೆ.