ಒಂದೇ ಬದಿಯ ಮೂಗು, ಒಂದೇ ಬದಿಯ ಕೆನ್ನೆ: ಮೇಲಿನ ದವಡೆ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಹಲ್ಲು ಕೀಳಿಸುವ ಬಗ್ಗೆ ಬರೆದದ್ದಕ್ಕೆ ಪೆರ್ಲ, ಕುಂಬಳೆ, ಉಪ್ಪಳ, ಮುಳ್ಳೇರಿಯ ಕಡೆಯಿಂದೆಲ್ಲ ತುಂಬ ಪತ್ರ, ಮೆಸೇಜು ಬಂದಿದೆ, ಅದ್ರಲ್ಲಿ ಹೆಚ್ಚಿನದ್ದು ಮೇಲಿನ ದವಡೆಯ ತೊಂದರೆಗಳೇ. ಆದ್ರೆ ದವಡೆ ಅಂತ ಯಾರೂ ಬರೆದಿಲ್ಲ. ಒಬ್ರು ಮೂಗು ಅಂತಾರೆ, ಒಬ್ರು ಕಣ್ಣಿನ ಕೆಳಗೆ ಬಾವು ಅಂತಾರೆ, ಇನ್ನೊಬ್ರು ಕೆನ್ನೆ ಜೋಮು ಅಂತಾರೆ. ಕೆಳಗಿನ ದವಡೆಗೆ ಏನಾದ್ರೂ ಆದ್ರೆ ಅಲ್ಲೇ ಗೊತ್ತಾಗ್ತದೆ, ಮೇಲಿನದ್ದು ಹಾಗಲ್ಲ, ಅದಕ್ಕೆ ಮೂಗು, ಕಣ್ಣು, ಸೈನಸ್ ಎಲ್ಲ ಅಂಟಿಕೊಂಡೇ ಇರುದ್ರಿಂದ ರೋಗ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ. ಈ ಸಲ ಪೂರ್ತಿ ಅಂಕಣ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಂಗೆ 43 ವರ್ಷ. ಸುಮಾರು ತಿಂಗಳುಗಳಿಂದ ಬಲಬದಿಯ ಮೂಗಿಂದ ಮಾತ್ರ ಹಳದಿ ಸಿಂಬಳ ಬರ್ತದೆ, ಕೆಟ್ಟ ನಾತ, ಬಗ್ಗಿ ಗುಡಿಸುವಾಗ ಕೆನ್ನೆ ಭಾರ ಆಗ್ತದೆ. ಸೈನಸ್ ಅಂತ ಹೇಳಿ ಪದೇ ಪದೇ ಆಂಟಿಬಯೋಟಿಕ್ ಕೊಟ್ರು. ತಿನ್ನುವಷ್ಟು ದಿನ ಕಮ್ಮಿ, ಬಿಟ್ಟ ಕೂಡ್ಲೇ ಮತ್ತೆ ಶುರು. ಹಲ್ಲು ನೋವೇನೂ ಇಲ್ಲ, ಅದೇ ಬದಿಯ ಒಂದು ದವಡೆ ಹಲ್ಲಿಗೆ ಹಿಂದೆ ರೂಟ್ ಕೆನಾಲ್ ಆಗಿತ್ತು. ನಿಮಗೆ ಬರೀಬಹುದಾ ಇಲ್ವಾ ಅಂತ ಯೋಚ್ನೆ ಮಾಡ್ತಾ ಇದ್ದೆ.
— ಗೃಹಿಣಿ, ಪೆರ್ಲ

ಉತ್ತರ: ಖಂಡಿತ ಬರೀಬೇಕಾದದ್ದೇ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಮಾತು 'ಬಲಬದಿಯಿಂದ ಮಾತ್ರ' ಅನ್ನುದು. ಅಲರ್ಜಿ, ಶೀತದ ಸೈನಸ್ ಆದ್ರೆ ಸಾಮಾನ್ಯವಾಗಿ ಎರಡೂ ಬದಿ ಕಟ್ಟುದು. ಒಂದೇ ಬದಿ, ಅದ್ರ ಮೇಲೆ ನಾತ ಅಂದ್ರೆ ಮೊದಲು ಮೇಲಿನ ಹಲ್ಲು ನೋಡ್ಬೇಕು.

ಮೇಲಿನ ದವಡೆ ಮೂಳೆ ಇಡೀ ಗಟ್ಟಿ ಅಲ್ಲ, ಕೆನ್ನೆಯ ಹಿಂದೆ ಒಳಗೆ ಟೊಳ್ಳು, ಅದೇ ಮ್ಯಾಕ್ಸಿಲರಿ ಸೈನಸ್. ದವಡೆ ಹಲ್ಲಿನ ಬೇರುಗಳು ಈ ಟೊಳ್ಳಿನ ತಳಕ್ಕೆ ತಾಗಿಕೊಂಡೇ ಇರ್ತವೆ, ಕೆಲವರಲ್ಲಿ ನಡುವೆ ಒಂದು ತೆಳು ಪೊರೆ ಬಿಟ್ರೆ ಬೇರೆ ಮೂಳೆಯೇ ಇಲ್ಲ. ಬೇರಿನ ತುದಿಯಲ್ಲಿ ಕೀವು ಆದ್ರೆ ಅದು ಕೆಳಗೆ ವಸಡಿಗೆ ಬರುವ ಬದಲು ಮೇಲೆ ಸೈನಸ್ಸಿಗೆ ಒಡೀತದೆ, ಒತ್ತಡ ಇಳಿದು ಹೋಗುದ್ರಿಂದ ಹಲ್ಲು ನೋಯುದೇ ಇಲ್ಲ. ಇನ್ನೊಂದು ತೊಂದರೆ ಏನಂದ್ರೆ ಈ ಸೈನಸ್ಸಿಂದ ಮೂಗಿಗೆ ಇರುವ ಬಾಗಿಲು ತಳದಲ್ಲಿಲ್ಲ, ಮೇಲೆ ಉಂಟು, ನೀರಿನ ಟ್ಯಾಂಕಿಗೆ ತಳ ಬಿಟ್ಟು ಕುತ್ತಿಗೆಯಲ್ಲಿ ತೂತು ಮಾಡಿದ ಹಾಗೆ. ನಿಂತಾಗ, ಕೂತಾಗ ಕೀವು ಒಳಗೇ ನಿಲ್ತದೆ, ಬಗ್ಗಿದಾಗ ಭಾರ ಆಗ್ತದೆ.

ಬಿಡದೆ ಕಾಡುವ ಮ್ಯಾಕ್ಸಿಲರಿ ಸೈನುಸೈಟಿಸ್‌ನಲ್ಲಿ ಶೇಕಡ 10ರಿಂದ 40ರಷ್ಟು ಹಲ್ಲಿಂದ ಬರುದು ಅಂತ ಬೇರೆ ಬೇರೆ ಅಧ್ಯಯನಗಳು ಹೇಳ್ತವೆ. ಆಂಟಿಬಯೋಟಿಕ್ ಕೀವಿನ ಜೋರು ಇಳಿಸ್ತದೆ ಅಷ್ಟೇ, ಸತ್ತ ಹಲ್ಲಿನ ಒಳಗೆ ರಕ್ತ ಹರಿಯುದಿಲ್ಲವಲ್ಲ, ಮದ್ದು ಅಲ್ಲಿಗೆ ತಲಪುದು ಹೇಗೆ. ಹಾಗಾಗಿ ಇನ್ನೊಂದು ಕೋರ್ಸ್ ಮಾತ್ರೆ ಬೇಡ. ಸಿಬಿಸಿಟಿ ಅನ್ನುವ ಸ್ಕ್ಯಾನ್ ಮಾಡ್ಸಿ, ಮಂಗಳೂರಿನ ಡೆಂಟಲ್ ಕಾಲೇಜುಗಳಲ್ಲಿ ಸಿಗ್ತದೆ. ಮಾಮೂಲು ಸಣ್ಣ ಎಕ್ಸ್‌ರೇಯಲ್ಲಿ ಮೇಲಿನ ದವಡೆ ಹಲ್ಲಿನ ಬೇರು ಸರಿಯಾಗಿ ಕಾಣದೆ ತಪ್ಪಿ ಹೋಗುದು ಹೆಚ್ಚು. ಹಲ್ಲೇ ಕಾರಣ ಅಂತಾದ್ರೆ ರೂಟ್ ಕೆನಾಲ್ ಮತ್ತೊಮ್ಮೆ ಮಾಡ್ಬೇಕು, ಆಗದಿದ್ರೆ ಕೀಳ್ಬೇಕು. ಅಷ್ಟರಲ್ಲೇ ಸುಮಾರು ಜನಕ್ಕೆ ಸೈನಸ್ ಸರಿಯಾಗ್ತದೆ, ಆಗದವರಿಗೆ ಇಎನ್‌ಟಿಯವರು ದುರ್ಬೀನು ಹಾಕಿ ಬಾಗಿಲು ಅಗಲ ಮಾಡ್ತಾರೆ. ಹಲ್ಲಿನವರು, ಇಎನ್‌ಟಿಯವರು ಇಬ್ರೂ ಒಂದೇ ಸ್ಕ್ಯಾನ್ ನೋಡ್ಬೇಕು. ಹಲ್ಲಲ್ಲಿ ಏನೂ ಸಿಗದಿದ್ರೆ ಅಲ್ಲಿಗೇ ಬಿಡ್ಬೇಡಿ, ಒಂದೇ ಬದಿಯ ಮೂಗಿನೊಳಗೆ ಗಡ್ಡೆಯೂ ಇರಬಹುದು, ಅದನ್ನ ಇಎನ್‌ಟಿಯವರು ನೋಡಿಯೇ ಹೇಳ್ಬೇಕು.

ಪ್ರಶ್ನೆ: ನಾಲ್ಕು ದಿನದ ಹಿಂದೆ ಮೇಲಿನ ದವಡೆ ಹಲ್ಲು ಕೀಳ್ಸಿದೆ. ಈಗ ಗಂಜಿ ತಿಳಿ ಕುಡಿದ್ರೆ ಮೂಗಲ್ಲಿ ಬರ್ತದೆ, ಮಾತಾಡುವಾಗ ಗಾಳಿ ಹೋದ ಹಾಗೆ. ಡಾಕ್ಟ್ರು ತಪ್ಪು ಮಾಡಿದ್ರಾ?
— ಓದುಗ, ಮಂಜೇಶ್ವರ

ಉತ್ತರ: ತಪ್ಪು ಅಂತ ಹೇಳ್ಲಿಕ್ಕಾಗುದಿಲ್ಲ, ಬೇರು ಸೈನಸ್ಸಿಗೆ ಅಷ್ಟು ಹತ್ತಿರ ಇದ್ರೆ ಎಷ್ಟು ಜಾಗ್ರತೆ ಮಾಡಿದ್ರೂ ತಳ ಒಡೆದು ಬಾಯಿಗೂ ಸೈನಸ್ಸಿಗೂ ದಾರಿ ಆಗ್ತದೆ. ಆದ್ರೆ ಕೂಡ್ಲೇ ಅವರಿಗೆ ತಿಳಿಸ್ಬೇಕು. 2 ಮಿಲಿಮೀಟರಿಗಿಂತ ಸಣ್ಣ ತೂತು ಹೆಚ್ಚಾಗಿ ತಾನೇ ಮುಚ್ಚಿಕೊಳ್ತದೆ, ದೊಡ್ಡದಾದ್ರೆ ಪಕ್ಕದ ವಸಡು ಎಳೆದು ಹೊಲೀಬೇಕಾಗ್ತದೆ. ಎರಡು ಮೂರು ವಾರ ಹಾಗೇ ಬಿಟ್ರೆ ದಾರಿಯ ಒಳಗೆ ಚರ್ಮ ಬೆಳೆದು ಖಾಯಂ ಆಗ್ತದೆ, ಆಮೇಲೆ ಆಪರೇಶನ್ ಬಿಟ್ರೆ ಬೇರೆ ಉಪಾಯ ಇಲ್ಲ, ಬಾಯಿಯ ಕೊಳೆ ಸೈನಸ್ಸಿಗೆ ಹೋಗಿ ಕೀವೂ ಕಟ್ತದೆ.

ಅಷ್ಟರವರೆಗೆ ಮೂಗು ಜೋರಾಗಿ ಸೀಟ್ಬೇಡಿ, ಸೀನು ಬಂದ್ರೆ ಬಾಯಿ ತೆರೆದು ಸೀನಿ, ಸ್ಟ್ರಾ ಹಾಕಿ ಎಳನೀರು ಕುಡೀಬೇಡಿ, ಬೀಡಿ ಸಿಗರೇಟು ಪೂರ್ತಿ ಬಂದ್. ಮೂಗು ಹಿಡ್ಕೊಂಡು ಊದಿ 'ಗಾಳಿ ಬರ್ತದಾ' ಅಂತ ಪರೀಕ್ಷೆ ಮಾಡುವವರು ಇದ್ದಾರೆ, ಅದ್ರಿಂದ ಸಣ್ಣ ತೂತು ದೊಡ್ಡದಾಗ್ತದೆ. ಕಡ್ಡಿ ಹಾಕಿ ನೋಡುದಂತೂ ಬೇಡವೇ ಬೇಡ. ಈ ಸೈನಸ್ಸನ್ನ 1651ರಲ್ಲಿ ವಿವರವಾಗಿ ಬರೆದ ನಥಾನಿಯೆಲ್ ಹೈಮೋರ್ ಅನ್ನುವ ಇಂಗ್ಲಿಷ್ ವೈದ್ಯನ ಪುಸ್ತಕದಲ್ಲೇ ಇಂಥ ಒಬ್ಬ ಹೆಂಗಸಿನ ಕಥೆ ಉಂಟು, ಮೇಲಿನ ಕೋರೆಹಲ್ಲು ಕಿತ್ತ ತೂತಿಗೆ ಹಕ್ಕಿಯ ಗರಿ ತೂರಿಸಿ ನೋಡಿದ್ಳಂತೆ, ಅದು ಒಳಗೆ ಹೋಗ್ತಾನೇ ಇದ್ದದ್ದು ನೋಡಿ ಮೆದುಳಿಗೇ ಹೋಯ್ತು ಅಂತ ಹೆದರಿದ್ಳಂತೆ. ನಿಮಗೂ ಹೆದರಿಕೆ ಆಗುದು ಸಹಜ, ಆದ್ರೆ ಇದು ಸರಿಯಾಗುವ ತೊಂದರೆ.

ಪ್ರಶ್ನೆ: ಮಗನಿಗೆ ಹದಿನಾರು. ಮೇಲಿನ ಕೋರೆಹಲ್ಲು ಹುಳುಕಾಗಿತ್ತು, ನಿನ್ನೆಯಿಂದ ಮೂಗಿನ ಪಕ್ಕ ಬಾತು ಕಣ್ಣಿನ ಕೆಳಗಿನವರೆಗೆ ಬಂದಿದೆ. ಅತ್ತೆ ಉಪ್ಪಿನ ಶಾಖ ಕೊಡ್ತಾ ಇದ್ದಾರೆ, ಒಡೆದ್ರೆ ಗುಣ ಆಗ್ತದೆ ಅಂತಾರೆ.
— ತಾಯಿ, ಉಪ್ಪಳ

ಉತ್ತರ: ನಿಮಗೆ ಪತ್ರಿಕೆ ಬರುವವರೆಗೆ ಕಾಯ್ಲಿಕ್ಕೆ ಆಗುದಿಲ್ಲ ಅಂತ ಫೋನಲ್ಲೇ ಉತ್ತರ ಹೇಳಿಯಾಗಿದೆ, ಬೇರೆಯವರಿಗೆ ಗೊತ್ತಾಗ್ಲಿ ಅಂತ ಇಲ್ಲಿ ಬರೀತಾ ಇದ್ದೇನೆ. ಶಾಖ ಕೊಡ್ಬೇಡಿ, ಹಿಚುಕ್ಬೇಡಿ. ಮೂಗಿನ ಎರಡು ಬದಿ ಮತ್ತು ಮೇಲ್ತುಟಿ ಸೇರಿದ ಜಾಗದ ರಕ್ತನಾಳಗಳು ಕಣ್ಣಿನ ಗೂಡಿನ ಮೂಲಕ ಮೆದುಳಿನ ಬುಡದ ಕ್ಯಾವರ್ನಸ್ ಸೈನಸ್ಸಿಗೆ (ಇದು ಕೆನ್ನೆಯ ಸೈನಸ್ಸಿನ ಹಾಗೆ ಗಾಳಿಯ ಟೊಳ್ಳಲ್ಲ, ರಕ್ತ ಸೇರುವ ಜಾಗ) ಸೇರ್ತವೆ, ಕೀವು ಆ ದಾರಿಯಲ್ಲಿ ಹೋಗಿ ಅಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ದೃಷ್ಟಿ ಹೋಗಬಹುದು, ಜೀವಕ್ಕೂ ಅಪಾಯ. ಅಪರೂಪ ಹೌದು, ಆದ್ರೆ ಹಾಗೇನಾದ್ರೂ ಆಯ್ತು ಅಂದ್ರೆ ಅದು ಗಂಟೆಗಳ ಲೆಕ್ಕ. ಬಾವು ಇದ್ದವರಿಗೆ ಜೋರು ಜ್ವರ, ಚಳಿ, ರೆಪ್ಪೆ ತೆರೀಲಿಕ್ಕೆ ಆಗದೆ ಇರುದು, ಕಣ್ಣು ಮುಂದೆ ಬಂದ ಹಾಗೆ ಕಾಣುದು, ಎರಡೆರಡು ಕಾಣುದು, ವಿಪರೀತ ತಲೆನೋವು, ಇದ್ರಲ್ಲಿ ಯಾವುದೇ ಒಂದಿದ್ರೂ ಬೆಳಗಾಗುದನ್ನ ಕಾಯದೆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಇಂಥದ್ದೇನೂ ಇಲ್ಲದ ಬರೀ ಬಾವಾದ್ರೂ ಅದೇ ದಿನ ಹಲ್ಲಿನ ಡಾಕ್ಟ್ರಿಗೆ ತೋರಿಸಿ, ಕೀವಿಗೆ ಹೊರಗೆ ದಾರಿ ಮಾಡ್ಕೊಡುದೇ ಮದ್ದು. ಅತ್ತೆಯವರ ಮೇಲೆ ಸಿಟ್ಟು ಬೇಡ.

ಪ್ರಶ್ನೆ: ಅಪ್ಪನಿಗೆ 67, ಶುಗರ್ 300ರ ಮೇಲೆಯೇ ಇರ್ತದೆ, ಮಾತ್ರೆ ಸರಿ ತಗೊಳ್ಳುದಿಲ್ಲ. ಒಂದು ವಾರದಿಂದ ಎಡಕೆನ್ನೆ ಬಾವು, ಮೇಲಿನ ಹಲ್ಲುಗಳು ಒಟ್ಟಿಗೆ ಅಲ್ಲಾಡ್ತವೆ, ಅಂಗುಳಲ್ಲಿ ಕಪ್ಪು ಕಲೆ. ಕೊರೊನಾ ಸಮಯದಲ್ಲಿ ಕೇಳಿದ ಬ್ಲಾಕ್ ಫಂಗಸ್ ಇದೇನಾ? ಅದು ಈಗ್ಲೂ ಉಂಟಾ?
— ಅಡಿಕೆ ಕೃಷಿಕನ ಮಗ, ಬದಿಯಡ್ಕ

ಉತ್ತರ: ಉಂಟು. 2021ರ ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಮತ್ತೆ ಶುಗರ್ ಎರಡೂ ಸೇರಿ ಸಾವಿರಗಟ್ಟಲೆ ಜನಕ್ಕೆ ಬಂತು, ಆ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇದನ್ನ ಕಡ್ಡಾಯವಾಗಿ ವರದಿ ಮಾಡ್ಬೇಕಾದ ರೋಗ ಅಂತ ರಾಜ್ಯಗಳಿಗೆ ಹೇಳಿತ್ತು. ಆದ್ರೆ ಕೊರೊನಾಕ್ಕಿಂತ ಮೊದಲೂ ಇತ್ತು, ಈಗ್ಲೂ ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಬರ್ತದೆ. ಹೆಸರು ಮ್ಯೂಕರ್‌ಮೈಕೋಸಿಸ್. ಇದ್ರ ಬೀಜಾಣು ಮಣ್ಣಲ್ಲಿ, ಗೊಬ್ಬರದ ಗುಂಡಿಯಲ್ಲಿ, ಕೊಳೆತ ಸೊಪ್ಪಲ್ಲಿ ಎಲ್ಲ ಕಡೆ ಇರ್ತದೆ, ನಾವೆಲ್ಲ ದಿನಾ ಉಸಿರಾಡ್ತೇವೆ, ಗಟ್ಟಿ ಇದ್ದವರಿಗೆ ಏನೂ ಆಗುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುದೂ ಇಲ್ಲ, ಅಪ್ಪನನ್ನ ಮುಟ್ಲಿಕ್ಕೆ ಮಕ್ಕಳು ಹೆದರುದು ಬೇಡ.

ಶುಗರ್ ಜಾಸ್ತಿ ಇದ್ದ, ಇಲ್ಲಾಂದ್ರೆ ರೋಗ ತಡೆಯುವ ಶಕ್ತಿ ಕಮ್ಮಿ ಆದ ದೇಹದಲ್ಲಿ ಈ ಬೂಸು ರಕ್ತನಾಳದ ಒಳಗೇ ಬೆಳೆದು ಅದನ್ನ ಕಟ್ಟಿ ಹಾಕ್ತದೆ, ರಕ್ತ ಹೋಗದ ಮಾಂಸ, ಮೂಳೆ ಸಾಯ್ತದೆ, ಅದೇ ಆ ಕಪ್ಪು. ಮೇಲಿನ ದವಡೆಗೆ ರಕ್ತ ತುಂಬ ಚೆನ್ನಾಗಿ ಹೋಗುದ್ರಿಂದ ಕೆಳಗಿನದ್ರಷ್ಟು ಸುಲಭವಾಗಿ ಅದ್ರ ಮೂಳೆ ಕೊಳೆಯುದಿಲ್ಲ. ಹಾಗಾಗಿ ಮೇಲಿನ ಹಲ್ಲುಗಳು ಸಾಲಾಗಿ ಸಡಿಲ ಆದ್ರೆ, ಅದೂ ಶುಗರ್ ಇದ್ದವರಿಗೆ, ನಾವು ಮೊದಲು ಇದನ್ನೇ ಸಂಶಯ ಪಡುದು. ಅಲ್ಲಾಡುವ ಹಲ್ಲು ಕೀಳ್ಸಿ ಮನೆಗೆ ಬರುದು ಪರಿಹಾರ ಅಲ್ಲ. ಇವತ್ತೇ ಹೊರಡಿ. ಇಎನ್‌ಟಿ, ದವಡೆ ಸರ್ಜನ್, ಕಣ್ಣಿನವರು, ಶುಗರಿನವರು ಎಲ್ಲ ಒಂದೇ ಕಡೆ ಇರುವ ಮೆಡಿಕಲ್ ಕಾಲೇಜಿಗೇ ಹೋಗಿ. ಸ್ಕ್ಯಾನ್ ಮಾಡಿ, ಸ್ವಲ್ಪ ಮಾಂಸ ತೆಗೆದು ಪರೀಕ್ಷೆ ಮಾಡಿ, ಸತ್ತ ಭಾಗ ಕತ್ತರಿಸಿ ತೆಗೀತಾರೆ, ಆಂಫೋಟೆರಿಸಿನ್ ಅನ್ನುವ ಬೂಸು ಕೊಲ್ಲುವ ಇಂಜೆಕ್ಷನ್ ವಾರಗಟ್ಟಲೆ ಕೊಡ್ತಾರೆ, ಅದು ಕಿಡ್ನಿಗೆ ಭಾರ ಆಗುದ್ರಿಂದ ಆಗಾಗ ರಕ್ತ ಪರೀಕ್ಷೆ ಬೇಕಾಗ್ತದೆ. ತಡ ಆದ್ರೆ ಕಣ್ಣಿಗೆ, ಅಲ್ಲಿಂದ ಮೆದುಳಿಗೆ.

ಅಂಗುಳಿನ ಭಾಗ ತೆಗೆದ್ರೆ ಅಪ್ಪ ಉಣ್ಣುದು ಹೇಗೆ, ಮಾತಾಡುದು ಹೇಗೆ ಅಂತ ನಿಮಗೆ ಚಿಂತೆ ಆಗ್ತದೆ ಅಂತ ನಂಗೆ ಗೊತ್ತು. ಆ ತೂತಿಗೆ ಕೂರುವ ಹಾಗೆ ಆಬ್ಚುರೇಟರ್ ಅಂತ ಹಲ್ಲಿನ ಸೆಟ್ಟಿನ ಹಾಗಿನದ್ದು ಮಾಡ್ಕೊಡ್ತಾರೆ, ಅದು ಹಾಕಿದ ದಿನವೇ ಮಾತು ಎಷ್ಟೋ ತಿಳಿಯಾಗ್ತದೆ. ಧೈರ್ಯ ಕಳ್ಕೊಳ್ಬೇಡಿ, ಒಂದು ದಿನವನ್ನೂ ಕಳ್ಕೊಳ್ಬೇಡಿ.

ಪ್ರಶ್ನೆ: ಅಂಗುಳಿನ ಮಧ್ಯದಲ್ಲಿ ಕಲ್ಲಿನ ಹಾಗೆ ಗಂಟು ಉಂಟು, ನೋವಿಲ್ಲ. ಎಷ್ಟೋ ವರ್ಷದಿಂದ ಹಾಗೇ ಇದ್ದದ್ದು ಅಂತ ಕಾಣ್ತದೆ, ಈಗ ಗೂಗಲ್ ನೋಡಿ ನಿದ್ದೆ ಇಲ್ಲ.
— ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಸರೀ ಮಧ್ಯದಲ್ಲಿ, ಗಟ್ಟಿ, ಮೇಲಿನ ಚರ್ಮ ನುಣುಪು, ವರ್ಷಗಳಿಂದ ಹಾಗೇ ಇದ್ರೆ ಅದು ಹೆಚ್ಚಾಗಿ ಟೋರಸ್, ಮೂಳೆಯ ಸಹಜ ಉಬ್ಬು, ರೋಗವೇ ಅಲ್ಲ. ಮುಂದೆ ಸೆಟ್ಟು ಹಾಕುವಾಗ ಅಡ್ಡ ಬಂದ್ರೆ ಮಾತ್ರ ತೆಗೆಯುದು. ಒಮ್ಮೆ ಹಲ್ಲಿನ ಡಾಕ್ಟ್ರಿಗೆ ತೋರಿಸಿ, ನಿದ್ದೆ ಮಾಡಿ. ಗಂಟು ಒಂದು ಬದಿಗೆ ಇದ್ರೆ, ಮೆತ್ತಗೆ ಇದ್ರೆ, ಬೆಳೀತಾ ಇದ್ರೆ ಅದು ಬೇರೆ ವಿಷಯ, ಅಂಗುಳಿನ ಸಣ್ಣ ಜೊಲ್ಲುಗ್ರಂಥಿಗಳಲ್ಲೂ ಗಡ್ಡೆ ಆಗ್ತದೆ, ಆಗ ಬೇಗ ತೋರಿಸ್ಬೇಕು.

ಪ್ರಶ್ನೆ: 61 ವರ್ಷ, ಮರದ ಕೆಲಸ ಮಾಡಿ ಜೀವನ ಕಳೆದವ. ಎಲೆ ಅಡಿಕೆ ತಿಂತೇನೆ, ಹೊಗೆಸೊಪ್ಪು ಬಿಟ್ಟು ತುಂಬ ಸಮಯ ಆಯ್ತು. ಎರಡು ತಿಂಗಳ ಹಿಂದೆ ಮೇಲಿನ ಹಲ್ಲು ಸಡಿಲ ಆಗಿ ಕೀಳ್ಸಿದೆ, ಆ ಗಾಯ ಇನ್ನೂ ಒಣಗ್ಲಿಲ್ಲ. ಕಣ್ಣಿನ ಕೆಳಗೆ ಕೆನ್ನೆ ಜೋಮು, ಮೂಗಲ್ಲಿ ಒಮ್ಮೊಮ್ಮೆ ರಕ್ತ. ಮಾಂಸ ತುಂಡು ತೆಗೆದು ಪರೀಕ್ಷೆ ಮಾಡ್ಬೇಕು ಅಂತಾರೆ, ಕತ್ತಿ ತಾಗಿದ್ರೆ ಹರಡ್ತದೆ ಅಂತ ಊರವರು ಹೆದರಿಸ್ತಾರೆ.
— ಓದುಗ, ಮುಳ್ಳೇರಿಯ

ಉತ್ತರ: ಪರೀಕ್ಷೆ ಮಾಡ್ಸಿ, ಈ ವಾರವೇ. ಬಯಾಪ್ಸಿ (ಆ ಮಾಂಸದ ಪರೀಕ್ಷೆ) ಮಾಡಿದ್ರೆ ಕ್ಯಾನ್ಸರ್ ಹರಡ್ತದೆ ಅನ್ನುವ ತಪ್ಪು ನಂಬಿಕೆಗೆ ಹೆದರಿ ಕೂತು ತಿಂಗಳು ಕಳೆದವರೇ ಹೆಚ್ಚು ತೊಂದರೆಗೆ ಬೀಳುದು. ಕ್ಯಾನ್ಸರ್ ಅಂತ ನಾನು ಪತ್ರ ನೋಡಿ ಹೇಳುದಿಲ್ಲ, ಹೇಳ್ಲಿಕ್ಕೂ ಬಾರದು. ಆದ್ರೆ ವಾರಗಟ್ಟಲೆ ಒಣಗದ ಗಾಯ, ಒಂದೇ ಬದಿ ಕೆನ್ನೆ ಜೋಮು, ಅದೇ ಬದಿ ಮೂಗಲ್ಲಿ ರಕ್ತ, ಈ ಮೂರು ಒಟ್ಟಿಗೆ ಬಂದ್ರೆ ಅದನ್ನ ಮೊದಲು ಇಲ್ಲ ಅಂತ ಖಾತ್ರಿ ಮಾಡ್ಕೊಳ್ಬೇಕು. ಸೈನಸ್ ಟೊಳ್ಳು ಆದ್ದರಿಂದ ಗಡ್ಡೆಗೆ ಒಳಗೆ ಬೆಳೀಲಿಕ್ಕೆ ಬೇಕಾದಷ್ಟು ಜಾಗ, ಗೋಡೆ ದಾಟುವವರೆಗೆ ಸದ್ದೇ ಇಲ್ಲ. ಕೆಳಗೆ ದಾಟಿದ್ರೆ ಹಲ್ಲು ಸಡಿಲ, ಸೆಟ್ಟು ಇದ್ದವರಿಗೆ ಸೆಟ್ಟು ಕೂರುದಿಲ್ಲ, ಮೇಲೆ ದಾಟಿದ್ರೆ ಕಣ್ಣು ಮುಂದೆ, ಎದುರಿಗೆ ಬಂದ್ರೆ ಅಲ್ಲಿಯ ನರ ಹಿಡಿದು ಕೆನ್ನೆ ಜೋಮು.

ಮರದ ಹುಡಿ ಮೂಗಿನ, ಸೈನಸ್ಸಿನ ಕ್ಯಾನ್ಸರಿಗೆ ಕಾರಣ ಆಗ್ತದೆ ಅಂತ ಸಾಬೀತಾಗಿದೆ, ಮುಖಕ್ಕೆ ಬಟ್ಟೆ ಕೂಡ ಕಟ್ಟದೆ ಗರಗಸ ಹಿಡಿಯುವ ಹುಡುಗರಿಗೆ ದಯವಿಟ್ಟು ಇದನ್ನ ಹೇಳಿ. ಅಡಿಕೆ ಬಗ್ಗೆ ಬರೆಯುದು ನಮ್ಮ ಊರಲ್ಲಿ ಕಷ್ಟ, ಇಲ್ಲಿ ಮಕ್ಕಳ ಫೀಸು, ಮದುವೆ ಎಲ್ಲ ಅದ್ರಿಂದಲೇ. ಆದ್ರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ತೀರ್ಮಾನಿಸಿದೆ, ಹೊಗೆಸೊಪ್ಪು ಬಿಟ್ಟದ್ದು ಒಳ್ಳೇದಾಯ್ತು, ಉಳಿದದ್ದನ್ನೂ ಬಿಡಿ.

ಕ್ಯಾನ್ಸರ್ ಅಂತಲೇ ಆದ್ರೆ ಸಾಮಾನ್ಯವಾಗಿ ಆಪರೇಶನ್, ಆಮೇಲೆ ರೇಡಿಯೇಶನ್. ರೇಡಿಯೇಶನಿಗೆ ಮೊದಲು ಹಾಳಾದ ಹಲ್ಲೆಲ್ಲ ತೆಗೆಸಿ ಗಾಯ ಒಣಗ್ಬೇಕು, ಯಾಕಂದ್ರೆ ಆಮೇಲೆ ಕಿತ್ತರೆ ಮೂಳೆ ಗುಣ ಆಗದೆ ಕೊಳೆಯುವ ಸಾಧ್ಯತೆ ಉಂಟು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ನಮ್ಮಲ್ಲಿಂದ ರೈಲಲ್ಲೇ ಹೋಗಬಹುದು, ಇಲ್ಲಾಂದ್ರೆ ಮಂಗಳೂರು. ಮಲಯಾಳ ಓದ್ಲಿಕ್ಕೆ ಬಾರದಿದ್ರೆ ಒಪ್ಪಿಗೆ ಪತ್ರಕ್ಕೆ ಸುಮ್ಮನೆ ಸಹಿ ಹಾಕ್ಬೇಡಿ, ಯಾವ ಭಾಗ ತೆಗೀತಾರೆ, ಕಣ್ಣು ಉಳೀತದಾ, ಅಂಗುಳಿಗೆ ಏನು ಹಾಕ್ತಾರೆ ಅಂತ ಬಾಯಲ್ಲಿ ಕೇಳಿ ತಿಳ್ಕೊಳ್ಳಿ, ಭಾಷೆ ಗೊತ್ತಿದ್ದ ಒಬ್ಬರನ್ನ ಜೊತೆಗೆ ಕರ್ಕೊಂಡು ಹೋಗಿ.

ಪ್ರಶ್ನೆ: ಅಮ್ಮನಿಗೆ ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಝೊಲೆಡ್ರಾನಿಕ್ ಇಂಜೆಕ್ಷನ್. ಈಗ ಮೇಲಿನ ಹಲ್ಲು ಕೀಳ್ಬೇಕು, ದವಡೆ ಮೂಳೆ ಸಾಯ್ತದೆ ಅಂತ ಯಾರೋ ಹೇಳಿದ್ರು.
— ಶಿಕ್ಷಕಿ, ಕಾಸರಗೋಡು

ಉತ್ತರ: 2003ರಿಂದ ಗೊತ್ತಿರುವ ವಿಷಯ ಇದು, ಆದ್ರೆ ಮೂಳೆ ಸವೆತದ ಡೋಸಿನಲ್ಲಿ ಆಗುದು ಬಹಳ ಕಮ್ಮಿ ಜನಕ್ಕೆ, ಕ್ಯಾನ್ಸರಿಗಾಗಿ ತಿಂಗಳು ತಿಂಗಳು ತಗೊಳ್ಳುವವರಿಗೆ ಅಪಾಯ ಜಾಸ್ತಿ. ಮೇಲಿನದ್ದಕ್ಕಿಂತ ಕೆಳಗಿನ ದವಡೆಗೆ ಹೆಚ್ಚು. ಇಂಜೆಕ್ಷನನ್ನ ನೀವಾಗಿ ನಿಲ್ಲಿಸ್ಬೇಡಿ, ಸೊಂಟದ ಮೂಳೆ ಮುರಿದ್ರೆ ಅದು ದೊಡ್ಡ ಕಷ್ಟ. ಕೀವು ಇರುವ ಹಲ್ಲನ್ನ ಹಾಗೇ ಇಟ್ಟುಕೊಳ್ಳುದೂ ದವಡೆಗೆ ಒಳ್ಳೇದಲ್ಲ. ಕೊನೆಯ ಇಂಜೆಕ್ಷನ್ ಯಾವ ತಿಂಗಳು, ಒಟ್ಟು ಎಷ್ಟು ಆಯ್ತು, ಶುಗರ್, ಸ್ಟೀರಾಯ್ಡ್ ಮಾತ್ರೆ ಉಂಟಾ ಅಂತ ಬರೆದ ಚೀಟಿ ತಗೊಂಡು ಹಲ್ಲಿನ ಡಾಕ್ಟ್ರಲ್ಲಿಗೆ ಹೋಗಿ, ಅವರು ಮೂಳೆ ಡಾಕ್ಟ್ರ ಹತ್ರ ಮಾತಾಡಿ ದಿನ ಗೊತ್ತು ಮಾಡ್ಲಿ. ಕಿತ್ತ ಮೇಲೆ ಎಂಟು ವಾರ ಕಳೆದ್ರೂ ಗಾಯದಲ್ಲಿ ಮೂಳೆ ಬಿಳಿಯಾಗಿ ಕಾಣ್ತಾ ಇದ್ರೆ ಅದೇ ಆ ತೊಂದರೆ ಅಂತ ಲೆಕ್ಕ, ಆದ್ರೆ ತೋರಿಸ್ಲಿಕ್ಕೆ ಎಂಟು ವಾರ ಕಾಯ್ಬೇಡಿ, ಮೂಳೆ ಕಂಡ ದಿನವೇ ಕರ್ಕೊಂಡು ಹೋಗಿ.